ಹಳೇ ಹಿಂದಿನ ಬಂಪರ್, ಸ್ಟೆಪ್ನಿ ಕ್ಯಾರಿಯರ್: ಬಣ್ಣ ಆಮೇಲೆ, ಮೊದಲು ಕೀಲು ನೋಡ್ರಿ

ಕಮರಿಪೇಟೆಯಿಂದಲೋ ಗೋಕುಲ ರೋಡಿನಿಂದಲೋ ನಿಮ್ಮ ಫೋನಿಗೆ ಒಂದು ಫೋಟೋ ಬರುತ್ತದೆ. ದಪ್ಪ ಕಬ್ಬಿಣದ ಹಿಂದಿನ ಬಂಪರ್, ಅದರ ಮೇಲೆ ಬಾಗಿಲಿನಂತೆ ಪಕ್ಕಕ್ಕೆ ತೆರೆಯುವ ಸ್ಟೆಪ್ನಿ ಕ್ಯಾರಿಯರ್, ಮೇಲೆ ಫಳಫಳ ಕರಿ ಬಣ್ಣ. ‘ಥಾರ್‌ಗೂ ಕೂಡ್ರತೈತಿ, ಬೊಲೆರೋಕ್ಕೂ ಕೂಡ್ರತೈತಿ’ ಅಂತ ಕೆಳಗೆ ಬರೆದಿರುತ್ತಾರೆ. ಹೊಸದಕ್ಕಿಂತ ರೇಟು ಬಹಳ ಕಡಿಮೆ. ಹೊಲಕ್ಕೆ ಜೀಪು ಇಟ್ಟವರಿಗೆ ಕೈ ತುರಿಸುವುದು ಸಹಜ.

ಇಂಥ ಸಾಮಾನು ತಗೊಂಡು ರಿಪೇರಿ ಮಾಡಿಸಿಕೊಳ್ಳಬಹುದು. ಆದರೆ ಹಳೇ ಬಂಪರಿನ ಬೆಲೆ ಅದರ ಬಣ್ಣದಲ್ಲಿ ಇಲ್ಲ, ತಗಡಿನ ದಪ್ಪದಲ್ಲೂ ಇಲ್ಲ. ಕ್ಯಾರಿಯರ್ ತಿರುಗುವ ಕೀಲು ಮತ್ತು ಚಾಸಿಗೆ ಕೂಡುವ ಬ್ರ್ಯಾಕೆಟ್, ಈ ಎರಡರಲ್ಲಿ ಇದೆ. ಇವೆರಡು ಕೆಟ್ಟಿದ್ದರೆ ನೀವು ಕೊಂಡದ್ದು ಗುಜರಿ. ಅದು ರಸ್ತೆಯಲ್ಲಿ ಕಳಚಿ ಬಿದ್ದರೆ ಹಿಂದೆ ಬೈಕಿನಲ್ಲಿ ಬರುವವನ ಜೀವಕ್ಕೇ ಸಂಚಕಾರ.

ನಿಮಗೆ ನಿಜವಾಗಿ ಬೇಕಾ?

ಸ್ಟೆಪ್ನಿ ಅನ್ನುವ ಮಾತು ಬಂದದ್ದು ಬ್ರಿಟನ್ನಿನ ವೇಲ್ಸ್‌ನಿಂದ. ಅಲ್ಲಿನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಮೋಟಾರು ಗಾಡಿಗೆ ಹೆಚ್ಚುವರಿ ಗಾಲಿ ಮಾಡಿ ಮಾರಿದರು. ಆ ಬೀದಿಯ ಹೆಸರೇ ನಮ್ಮಲ್ಲಿ ಗಾಲಿಯ ಹೆಸರಾಯಿತು. ಬೊಲೆರೋ ಮತ್ತು ಥಾರ್‌ಗಳಲ್ಲಿ ಈ ಗಾಲಿ ಹಿಂದಿನ ಬಾಗಿಲಿಗೇ ತೂಗಾಡುತ್ತದೆ. ಕಬ್ಬಿಣದ ರಿಮ್ ಸೇರಿ ಅದರ ತೂಕ ಸುಮಾರು 20ರಿಂದ 30 ಕೆ.ಜಿ. ನವಲಗುಂದ, ಕುಂದಗೋಳ ಕಡೆಯ ಎರಿ ಹೊಲದ ದಾರಿಗಳಲ್ಲಿ ದಿನಾ ಕುಲುಕಿ ಕುಲುಕಿ ಬಾಗಿಲಿನ ಹಿಂಜು ಸಡಿಲಾಗುತ್ತದೆ, ಬಾಗಿಲು ಇಳಿಬೀಳುತ್ತದೆ, ಮುಚ್ಚುವಾಗ ಎತ್ತಿ ಹಿಡಿಯಬೇಕಾಗುತ್ತದೆ. ದೊಡ್ಡ ಟೈರ್ ಹಾಕಿದವರಿಗೆ ಈ ಕಾಟ ಇನ್ನೂ ಜಾಸ್ತಿ. ಗಾಲಿಯ ಭಾರವನ್ನು ಬಾಗಿಲಿನಿಂದ ತೆಗೆದು ಚಾಸಿಯ ಮೇಲೆ ಹಾಕುವುದೇ ಕ್ಯಾರಿಯರ್ ಬಂಪರಿನ ಅಸಲಿ ಕೆಲಸ.

ನಿಮ್ಮ ಗಾಡಿಯ ಟೈರ್ ಕಂಪನಿ ಅಳತೆಯದೇ ಆಗಿದ್ದು, ಹಿಂಜು ಮಾತ್ರ ಸಡಿಲಾಗಿದ್ದರೆ ಬಂಪರ್ ಬೇಡ. ಹಿಂಜಿನ ಪಿನ್ ಬದಲಿಸಿ, ಬಾಗಿಲಿನ ರಬ್ಬರ್ ಸ್ಟಾಪರ್ ಹೊಸದು ಹಾಕಿಸಿದರೆ ಸಾಕು. ಸ್ವಲ್ಪ ರೊಕ್ಕದಲ್ಲೇ ಕೆಲಸ ಮುಗಿಯುತ್ತದೆ.

ಭಾರದ ಲೆಕ್ಕವನ್ನೂ ಹಾಕ್ರಿ. ಹೊಸ ಬಂಪರ್ ಹಳೇದಕ್ಕಿಂತ 40 ಕೆ.ಜಿ. ಜಾಸ್ತಿ ಅನ್ನೋಣ. ಅದು ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದಿದ್ದು, ಎರಡೂ ಆಕ್ಸಲ್‌ಗಳ ನಡುವಿನ ಅಂತರ 2.4 ಮೀಟರ್ ಇದ್ದರೆ, ಮುಂದಿನ ಆಕ್ಸಲ್ ಮೇಲಿನ ಭಾರ ಸುಮಾರು 17 ಕೆ.ಜಿ. ಇಳಿಯುತ್ತದೆ. ಹಿಂದಿನ ಆಕ್ಸಲ್ ಮೇಲೆ 57 ಕೆ.ಜಿ. ಏರುತ್ತದೆ. ಅಂದರೆ ಒಂದು ಡಿಎಪಿ ಚೀಲವನ್ನು ಹನ್ನೆರಡೂ ತಿಂಗಳು ಹಿಂದೆ ಹೊತ್ತು ತಿರುಗಿದ ಹಾಗೆ. ಮೇಲೆ ನೀವು ಹೇರುವ ಚೀಲ ಬೇರೆ.

ರೊಕ್ಕ ಕೊಡುವ ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಲು ಎಲ್ಲ ರಾಜ್ಯಗಳಿಗೆ ಪತ್ರ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಲಂ 52ನ್ನು ಬಿಗಿಯಾಗಿ ಓದಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ಕಲಂ 182ಎ ಪ್ರಕಾರ, ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

‘ಎಲ್ಲಾರೂ ಹಾಕ್ಯಾರ, ನಮ್ಮನ್ಯಾಕ ಹಿಡೀತಾರ’ ಅನ್ನುವ ಮಾತು ಅಪಘಾತ ಆಗುವವರೆಗೆ ಮಾತ್ರ ನಡೆಯುತ್ತದೆ. ಗಾಡಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಗಾಡಿಯನ್ನು ಸುತ್ತಿ ನೋಡುತ್ತಾರೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮಿಗೆ ಅಡ್ಡ ಬರಬಹುದು. ಆದ್ದರಿಂದ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ, ಅಂದರೆ ಕೆಎ-63 ಗಾಡಿಯಾದರೆ ಹುಬ್ಬಳ್ಳಿಗೆ, ಕೆಎ-25 ಆದರೆ ಧಾರವಾಡಕ್ಕೆ, ಬಂಪರಿನ ಫೋಟೋ, ಅಳತೆ, ತೂಕ ತಗೊಂಡು ಹೋಗಿ ಲಿಖಿತವಾಗಿ ಕೇಳ್ರಿ. ವಿಮಾ ಕಂಪನಿಗೂ ಬರೆದು ತಿಳಿಸ್ರಿ. ಆರ್‌ಟಿಒ ಬೇಡ ಅಂದರೆ ಅಲ್ಲಿಗೇ ಬಿಡ್ರಿ. ಹೊಲಕ್ಕಷ್ಟೇ ಓಡಿಸುತ್ತೇನೆ ಅಂದರೂ ಊರ ರಸ್ತೆಗೆ ಇಳಿದ ಕೂಡಲೇ ಕಾನೂನು ಲಾಗೂ ಆಗುತ್ತದೆ.

ನೋಡಲು ಹೋದಾಗ ಫೋನೇ ನಿಮ್ಮ ಹತಾರ

ನೋಡುವ ಮೊದಲು ಅಡ್ವಾನ್ಸ್ ಕಳಿಸಬೇಡ್ರಿ. ರೊಕ್ಕ ನಿಮಗೆ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ‘ಕ್ಯೂಆರ್ ಸ್ಕ್ಯಾನ್ ಮಾಡ್ರಿ, ರೊಕ್ಕ ವಾಪಸ್ ಬರತೈತಿ’ ಅಂದರೆ ಅದು ಮೋಸ. ಮಾರುವವರಿಂದ ಸಹಿ ಮಾಡಿದ ಚೀಟಿ ತಗೋರಿ. ಕಳವಿನ ಸಾಮಾನು ಮನೆಗೆ ಬಂದರೆ ಆಮೇಲೆ ಠಾಣೆಗೆ ಅಲೆಯುವವರು ನೀವೇ.

ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಕೇಳ್ರಿ. 2010ರಲ್ಲಿ ಬಂದ ಹಳೇ ಥಾರ್ ಬೇರೆ, 2020ರಲ್ಲಿ ಬಂದ ಹೊಸ ಥಾರ್ ಬೇರೆ, ಬೊಲೆರೋ ಮತ್ತೂ ಬೇರೆ. ಚಾಸಿಯ ತೂತುಗಳ ಅಂತರವನ್ನು ನಿಮ್ಮ ಗಾಡಿಯಲ್ಲಿ ಅಳೆದು, ಫೋನಿನಲ್ಲಿ ಬರೆದುಕೊಂಡು ಹೋಗ್ರಿ. ಗಾಡಿಯ ಬಾಗಿಲು ಯಾವ ಕಡೆಗೆ ತೆರೆಯುತ್ತದೋ ಕ್ಯಾರಿಯರ್ ತೋಳೂ ಅದೇ ಕಡೆಗೆ ತೆರೆಯಬೇಕು. ಇಲ್ಲಾಂದ್ರೆ ಚೀಲ ಹೇರುವಾಗ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ.

ಆಮೇಲೆ ಈ ಐದು ಪರೀಕ್ಷೆ ಮಾಡ್ರಿ:

1. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಂಪರಿನ ಮೇಲೆಲ್ಲ ಆಡಿಸ್ರಿ. ಹಿಡಿತ ಒಮ್ಮೆಲೇ ಸಡಿಲಾದ ಜಾಗದಲ್ಲಿ ಪುಟ್ಟಿ ಮೆತ್ತಿರುತ್ತಾರೆ.
2. ಫೋನಿನ ಟಾರ್ಚನ್ನು ಬೆಸುಗೆಯ ಪಕ್ಕಕ್ಕೆ ಓರೆಯಾಗಿ ಹಿಡೀರಿ. ನೇರ ಬೆಳಕಿಗೆ ಕಾಣದ ಬಿರುಕು ಓರೆ ಬೆಳಕಿಗೆ ಗೆರೆಯಾಗಿ ಕಾಣುತ್ತದೆ.
3. ಸಣ್ಣ ಸುತ್ತಿಗೆಯಿಂದ ಪೆಟ್ಟಿಗೆಯಂಥ ಭಾಗವನ್ನು ಕೆಳಗಿನಿಂದ ಬಡೀರಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ತುಕ್ಕು ತಿಂದದ್ದು ಬೊದ್ದು ಸದ್ದು ಕೊಡುತ್ತದೆ, ಪುಡಿಯೂ ಉದುರುತ್ತದೆ.
4. ಕ್ಯಾರಿಯರ್ ತೋಳನ್ನು ಅರ್ಧ ತೆರೆದು ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸ್ರಿ, ಕೀಲನ್ನು ಸ್ಲೋ ಮೋಷನ್ ವಿಡಿಯೋ ಮಾಡ್ರಿ. ಪಿನ್ ಮತ್ತು ಬುಶ್ ನಡುವಿನ ಆಟ ಅದರಲ್ಲಿ ಸ್ಪಷ್ಟ ಕಾಣುತ್ತದೆ.
5. ಬಂಪರನ್ನು ಸಪಾಟು ನೆಲದ ಮೇಲಿಟ್ಟು ಎರಡೂ ಬ್ರ್ಯಾಕೆಟ್‌ಗಳ ಮೇಲೆ ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡ್ರಿ. ಓರೆಯಾಗಿದ್ದರೆ ಆ ಬಂಪರ್ ಒಮ್ಮೆ ಗುದ್ದಿಸಿಕೊಂಡಿರುವ ಸಾಧ್ಯತೆ ದೊಡ್ಡದು.

ಕೊನೆಗೆ ತೂಗಿಸ್ರಿ. ಕೆ.ಜಿ. ಲೆಕ್ಕದ ಗುಜರಿ ಬೆಲೆ ಗೊತ್ತಿದ್ದರೆ ಚೌಕಾಸಿ ಮಾಡಲು ಧೈರ್ಯ ಬರುತ್ತದೆ.

ತುಕ್ಕು ತೆಗೆಯುವುದು

ನಮ್ಮ ಕಡೆ ಗಾಡಿಗೆ ತುಕ್ಕು ಹಿಡಿಯಲು ಎರಡು ವಿಶೇಷ ಕಾರಣ ಇವೆ. ಎರಿ ಮಣ್ಣು ಪೆಟ್ಟಿಗೆಯ ಸಂದಿಯಲ್ಲಿ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಎರಡನೆಯದು ಗೊಬ್ಬರ. ಪೊಟ್ಯಾಶ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಚೀಲದಿಂದ ಉದುರಿದ ಪುಡಿ ತೇವದ ಜೊತೆ ಸೇರಿದರೆ ಉಪ್ಪಿನ ಹಾಗೆಯೇ ಕಬ್ಬಿಣ ತಿನ್ನುತ್ತದೆ.

ಮೊದಲು ನೀರಿನಿಂದ ಮಣ್ಣು ಪೂರ್ತಿ ತೊಳೆದು ಒಣಗಿಸ್ರಿ. ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ, ಕಣ್ಣಿಗೆ ಕನ್ನಡಕ ಮತ್ತು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿರಿ. ಸಂದಿಯಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿರಿ. ಬಣ್ಣವೆಲ್ಲ ಹೋದ ಮೇಲೆ ಬೆಸುಗೆಗಳನ್ನು ಮತ್ತೊಮ್ಮೆ ನೋಡ್ರಿ. ಅನುಮಾನ ಬಂದ ಕಡೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸ್ರಿ. ಬಿರುಕು ಇದ್ದರೆ ಒಳಗಿನ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಸೀಮೆಎಣ್ಣೆ ಪೂರ್ತಿ ಆರುವವರೆಗೆ ಹತ್ತಿರ ಬೆಂಕಿ, ವೆಲ್ಡಿಂಗ್ ಬೇಡ.

ಬಿರುಕಿನ ಮೇಲೆ ಮತ್ತೊಂದು ಪದರ ಬೆಸುಗೆ ಎಳೆದರೆ ಅದು ಮುಚ್ಚುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಬಿರುಕನ್ನು ಬುಡದವರೆಗೆ ಗ್ರೈಂಡ್ ಮಾಡಿ ಕಿತ್ತು, ಆಮೇಲೆ ಹೊಸ ಬೆಸುಗೆ ಹಾಕಿಸಬೇಕು. ಭಾರ ಹೊರುವ ಜಾಗಕ್ಕೆ 7018 ರಾಡ್ ಒಳ್ಳೆಯದು, ಆದರೆ ಅದು ಒಣಗಿರಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಬೇಡ. ಗ್ಯಾಲ್ವನೈಜ್ ಆದ ಭಾಗವಿದ್ದರೆ ಸತುವಿನ ಪದರ ತೆಗೆಯದೆ ಬೆಸೆಯಬಾರದು, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಪೆಟ್ಟಿಗೆ ಭಾಗದ ಅತಿ ಕೆಳಗಿನ ಜಾಗದಲ್ಲಿ 8ರಿಂದ 10 ಮಿ.ಮೀ. ಅಳತೆಯ ನೀರು ಹೋಗುವ ತೂತು ಇರಬೇಕು. ಇಲ್ಲದಿದ್ದರೆ ಕೊರೆಸ್ರಿ. ಎಪಾಕ್ಸಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ. ಬೆಸುಗೆ ಕೆಲಸ ಪೂರ್ತಿ ಮುಗಿಯುವ ಮೊದಲು ಬಣ್ಣಕ್ಕೆ ರೊಕ್ಕ ಹಾಕಬೇಡ್ರಿ.

ಕೀಲು ಮತ್ತು ಲಾಕು

ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಒಂದು ಸರಳ ಲೆಕ್ಕ ನೋಡೋಣ. 25 ಕೆ.ಜಿ. ಗಾಲಿ ಕೀಲಿನಿಂದ 60 ಸೆಂ.ಮೀ. ದೂರ ತೂಗುತ್ತಿದೆ. ಕೀಲಿನ ಮೇಲಿನ ಬುಶ್ಶಿಗೂ ಕೆಳಗಿನ ಬುಶ್ಶಿಗೂ 15 ಸೆಂ.ಮೀ. ಅಂತರ. 25ನ್ನು 60ರಿಂದ ಗುಣಿಸಿ 15ರಿಂದ ಭಾಗಿಸಿದರೆ 100. ಗಾಡಿ ನಿಂತಾಗಲೇ ಒಂದೊಂದು ಬುಶ್ಶಿನ ಮೇಲೆ 100 ಕೆ.ಜಿ. ಅಡ್ಡ ಒತ್ತಡ. ತಗ್ಗಿಗೆ ಬಿದ್ದು ಮೂರು ಪಟ್ಟು ಹೊಡೆತ ಬಿದ್ದರೆ 300 ಕೆ.ಜಿ.

ಅದಕ್ಕೇ ತೋಳು ಮುಚ್ಚಿದಾಗ ಗಾಲಿಯ ಭಾರ ಕೀಲಿನ ಮೇಲೆ ಮಾತ್ರ ಇರಬಾರದು. ತೋಳಿನ ಇನ್ನೊಂದು ತುದಿ ಬಂಪರಿನ ಮೇಲಿನ ಆಸರೆಗೆ ಹತ್ತಿ ಕೂಡ್ರಬೇಕು. ಹಳೇ ಬಂಪರುಗಳಲ್ಲಿ ಈ ಆಸರೆ ಸವೆದಿರುತ್ತದೆ. ಅಲ್ಲಿ ಓರೆ ಮಾಡಿದ ಗಟ್ಟಿ ನೈಲಾನ್ ತುಂಡು ಹಾಕಿಸಿದರೆ ಮುಚ್ಚುವಾಗ ತೋಳು ತಾನೇ ಮೇಲೇರಿ ಕೂಡುತ್ತದೆ. ನೀವು ಮಾಡಿಸುವ ಬದಲಾವಣೆಗಳಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗದ್ದು ಇದು.

ಬುಶ್ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಪಿನ್ ಅಳತೆಗೆ ಹೊಸ ಕಂಚಿನ ಬುಶ್ ಮಾಡಿಸ್ರಿ, ಪಿನ್ನೂ ಹೊಸದಿರಲಿ. ಭಾರ ಜಾಸ್ತಿ ಇದ್ದರೆ ಗಾಲಿ ಹಬ್ಬಿನಲ್ಲಿ ಇರುವಂಥ ಟೇಪರ್ ರೋಲರ್ ಬೇರಿಂಗ್ ಕೂಡಿಸಬಹುದು. ಎರಡರಲ್ಲೂ ಗ್ರೀಸ್ ನಿಪ್ಪಲ್ ಬೇಕೇ ಬೇಕು. ಲಾಕಿನ ಜೊತೆಗೆ, ಲಾಕು ಬಿಚ್ಚಿದರೂ ತೋಳು ತೆರೆಯದಂತೆ ತಡೆಯುವ ಎರಡನೇ ಪಿನ್ ಇರಲಿ. ಇದರಲ್ಲಿ ಕಂಜೂಸಿ ಮಾಡಬೇಡ್ರಿ. ಓಡುವ ಗಾಡಿಯಲ್ಲಿ ತೋಳು ತೆರೆದುಕೊಂಡರೆ 25 ಕೆ.ಜಿ. ಗಾಲಿ ಪಕ್ಕದ ಬೈಕಿನವನ ಎದೆ ಮಟ್ಟಕ್ಕೆ ಬೀಸುತ್ತದೆ.

ಚಾಸಿಗೆ ಕೂಡಿಸುವಾಗ

ಬಂಪರನ್ನು ಚಾಸಿಗೆ ಬೆಸೆಯಬಾರದು, ಬೋಲ್ಟಿನಿಂದಲೇ ಬಿಗಿಸಬೇಕು. ಬೆಸುಗೆಯ ಬಿಸಿಗೆ ಚಾಸಿಯ ಕಬ್ಬಿಣದ ಗುಣ ಬದಲಾಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬೋಲ್ಟಿನ ತಲೆ ಮೇಲೆ 8.8 ಅಂತ ಇರಬೇಕು. ಏನೂ ಬರೆಯದ ಬೋಲ್ಟ್ ಬೇಡ. ನೈಲಾಕ್ ನಟ್, ಅಗಲ ವಾಷರ್ ಹಾಕಿ ಟಾರ್ಕ್ ರೆಂಚಿನಿಂದ ಬಿಗಿಸ್ರಿ. ಬ್ರ್ಯಾಕೆಟ್ ತೂತು ಹೊಂದದಿದ್ದರೆ ಬ್ರ್ಯಾಕೆಟ್ ಬದಲಿಸ್ರಿ, ಚಾಸಿಗೆ ಹೊಸ ತೂತು ಕೊರೆಯಬೇಡ್ರಿ. ಬಂಪರನ್ನು ಗಾಡಿಯಿಂದ ಬಿಚ್ಚಿಯೇ ಬೆಸೆಯಿಸ್ರಿ. ಗಾಡಿಯ ಮೇಲೇ ಬೆಸೆಯಬೇಕಾಗಿ ಬಂದರೆ ಬ್ಯಾಟರಿ ವಯರ್ ತೆಗೆದಿರಬೇಕು, ಡೀಸೆಲ್ ಟ್ಯಾಂಕ್ ಮತ್ತು ಪೈಪಿನ ಹತ್ತಿರ ಕಿಡಿ ಹಾರಬಾರದು.

ಕೆಸರಿನಲ್ಲಿ ಸಿಕ್ಕ ಜೀಪನ್ನು ಟ್ರ್ಯಾಕ್ಟರ್‌ನಿಂದ ಎಳೆಸುವುದು ನಮ್ಮಲ್ಲಿ ಮಾಮೂಲು. ಎರಿ ಮಣ್ಣು ಗಾಲಿಯನ್ನು ಹೀರಿ ಹಿಡಿದಾಗ ಎಳೆಯುವ ಬಲ ಬಹಳ ಬೇಕು. ಹಳೇ ಬಂಪರಿಗೆ ಅಲಂಕಾರಕ್ಕೆ ಬೆಸೆದ ಕೊಕ್ಕೆಯನ್ನು ನಂಬಬೇಡ್ರಿ. ಕಂಪನಿ ಚಾಸಿಗೆ ಕೊಟ್ಟ ಎಳೆಯುವ ಜಾಗವನ್ನೇ ಬಳಸ್ರಿ. ಕಿತ್ತ ಕೊಕ್ಕೆ ಗುಂಡಿನ ಹಾಗೆ ಹಾರುತ್ತದೆ, ಎಳೆಯುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು.

ದೀಪ, ನಂಬರ್ ಪ್ಲೇಟು

ಗಾಲಿಯನ್ನು ಕೂಡಿಸಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ಫೋಟೋ ತೆಗೀರಿ. ಹಿಂದಿನ ಎರಡೂ ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್, ನಂಬರ್ ಪ್ಲೇಟ್ ಪೂರ್ತಿ ಕಾಣಬೇಕು. ರಾತ್ರಿ ಪ್ಲೇಟಿನ ಬಿಳಿ ದೀಪ ಉರಿಯಬೇಕು. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ರಾತ್ರಿ ಓಡಾಡುವ ಗಾಡಿಗೆ ಇದು ಬಹಳ ಮುಖ್ಯ. ಎಚ್‌ಎಸ್‌ಆರ್‌ಪಿ ಪ್ಲೇಟಿನ ಲಾಕ್ ಒಮ್ಮೆ ಬಿಚ್ಚಿದರೆ ಮತ್ತೆ ಬಳಸಲು ಬರುವುದಿಲ್ಲ. ಜಾಗ ಬದಲಿಸಬೇಕಾದರೆ ಮೊದಲೇ ಡೀಲರ್ ಹತ್ತಿರ ಕೇಳ್ರಿ. 2019ರ ಜುಲೈ ನಂತರದ ಗಾಡಿಗಳಲ್ಲಿ ರಿವರ್ಸ್ ಸೆನ್ಸರ್ ಕಡ್ಡಾಯವಾಗಿ ಬಂದಿದೆ. ಕಬ್ಬಿಣದ ಬಂಪರಿನಲ್ಲಿ ಅದಕ್ಕೆ ಜಾಗ ಇದೆಯೋ ಇಲ್ಲವೋ ನೋಡ್ರಿ. ಅಂಗಳದಲ್ಲಿ ಮಕ್ಕಳು ಆಡುವ ಮನೆಯಲ್ಲಿ ಸೆನ್ಸರ್ ಕಿತ್ತು ಹಾಕಬಾರದು.

ಕೂಡಿಸಿದ ಮೇಲೆ

ಮೊದಲ 100 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡ್ರಿ. ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್‌ವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಆಮೇಲೆ ಕಣ್ಣಿನಿಂದಲೇ ಗೊತ್ತಾಗುತ್ತದೆ. ಗೆರೆ ತುಂಡಾಗಿದ್ದರೆ ಬೋಲ್ಟ್ ಸಡಿಲಾಗಿದೆ. ತಿಂಗಳಿಗೊಮ್ಮೆ ಕೀಲಿಗೆ ಗ್ರೀಸ್, ಗೊಬ್ಬರ ಹೇರಿದ ದಿನ ಸಂಜೆ ನೀರಿನಿಂದ ತೊಳೆತ, ಮುಂಗಾರಿಗೆ ಮೊದಲು ಮತ್ತು ಹಿಂಗಾರು ಮುಗಿದ ಮೇಲೆ ಬೆಸುಗೆಗಳ ಮೇಲೆ ಟಾರ್ಚ್ ಬೆಳಕು. ಕೀಲಿನ ಸ್ಲೋ ಮೋಷನ್ ವಿಡಿಯೋವನ್ನು ಆರು ತಿಂಗಳಿಗೊಮ್ಮೆ ಮಾಡಿ ಹಳೇದರ ಪಕ್ಕ ಇಟ್ಟು ನೋಡ್ರಿ. ಆಟ ಹೆಚ್ಚಿದ್ದರೆ ಗಾಲಿ ಇಳಿಸಿ, ಬುಶ್ ಬದಲಿಸಿದ ಮೇಲೆಯೇ ರಸ್ತೆಗೆ ಹೊರಡ್ರಿ.