ಕೂಡಿಸಿ ಬರೆಯಿರಿ

ಹೈಸ್ಕೂಲಿನಲ್ಲಿ ರೆನ್ ಅಂಡ್ ಮಾರ್ಟಿನ್ ಓದಿದವರಿಗೆ ‘ಸಿಂಥೆಸಿಸ್’ ಎಂಬ ಪಾಠ ನೆನಪಿದ್ದೀತು. ಎರಡು ಮೂರು ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟು, ಒಂದೇ ವಾಕ್ಯವಾಗಿ ಕೂಡಿಸಿ ಬರೆಯಿರಿ ಎನ್ನುತ್ತಿದ್ದ ಪಾಠ ಅದು. ಕೂಡಿಸುವುದಕ್ಕೆ ಆ ಪುಸ್ತಕ ಹೇಳಿದ ದಾರಿಗಳಲ್ಲಿ ಒಂದಕ್ಕೆ ನಾಮಿನೇಟಿವ್ ಅಬ್ಸೊಲ್ಯೂಟ್ ಎಂದು ಹೆಸರು. ಗಂಟೆ ಹೊಡೆಯಿತು, ಹುಡುಗರು ಮನೆಗೆ ಹೋದರು. ಈ ಎರಡನ್ನು ಬೆಸೆದರೆ ‘ದಿ ಬೆಲ್ ಹ್ಯಾವಿಂಗ್ ರಂಗ್, ದಿ ಬಾಯ್ಸ್ ವೆಂಟ್ ಹೋಮ್’. ಮೊದಲ ತುಂಡಿನ ಕರ್ತೃ ಗಂಟೆ, ಎರಡನೆಯದರ ಕರ್ತೃ ಹುಡುಗರು. ನಡುವೆ ‘ಅಂಡ್’ ಇಲ್ಲ, ‘ವೆನ್’ ಇಲ್ಲ. ಆದರೂ ಎರಡೂ ಸೇರಿ ಒಂದೇ ವಾಕ್ಯ.

ಪರೀಕ್ಷೆಯಲ್ಲಿ ಅಂಕ ತಂದುಕೊಡುತ್ತಿದ್ದ ಈ ವಾಕ್ಯವನ್ನು ಆಮೇಲೆ ಬಾಳಿನಲ್ಲಿ ಒಂದು ಸಲವಾದರೂ ಸ್ವಂತಕ್ಕೆ ಬರೆದವರು ನಮ್ಮಲ್ಲಿ ತೀರಾ ಕಡಿಮೆ. ರಜಾ ಚೀಟಿಯಲ್ಲಿ ಅದು ಬರುವುದಿಲ್ಲ, ಪತ್ರದಲ್ಲಿ ಬರುವುದಿಲ್ಲ, ಕಥೆಯಲ್ಲಂತೂ ಇಲ್ಲವೇ ಇಲ್ಲ. ದೋಷ ಓದಿದವರದಲ್ಲ. ಪಾಠ ಅದನ್ನು ವಾಕ್ಯದ ಯಾವ ತುದಿಯಲ್ಲಿ ಇಡಬೇಕಿತ್ತೋ ಅಲ್ಲಿಡದೆ ಇನ್ನೊಂದು ತುದಿಯಲ್ಲಿಟ್ಟು ಕಲಿಸಿತು. ಇದನ್ನು ಲೆಕ್ಕ ಸಮೇತ ತೋರಿಸಿದ ಮೇಷ್ಟರೊಬ್ಬರು ಅಮೆರಿಕದಲ್ಲಿದ್ದರು. ಅವರ ಮಾತು ನಮ್ಮ ಶಾಲೆಗಳವರೆಗೆ ಬಂದು ಮುಟ್ಟುವ ಮೊದಲೇ ಅಲ್ಲಿಯವರು ಅದನ್ನು ಮೂಲೆಗೆ ತಳ್ಳಿಬಿಟ್ಟರು. ಹಾಗೇಕಾಯಿತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು. ಓದಿದಷ್ಟೂ ನನಗೆ ಬೇಸರ ಹೆಚ್ಚಾಯಿತು.

ಈ ರಚನೆಯ ತವರು ಲ್ಯಾಟಿನ್. ಸೀಸರನ ಯುದ್ಧ ವೃತ್ತಾಂತದ ತುಂಬ ಇದೇ ವರಸೆ. ಊರು ವಶವಾಗಿ, ಒತ್ತೆಯಾಳುಗಳು ಕೈಸೇರಿ, ಸೇತುವೆ ಕಟ್ಟಿಯಾಗಿ, ಆತ ಮುಂದೆ ಹೊರಡುತ್ತಾನೆ. ಸಂಸ್ಕೃತದ ಸತಿಸಪ್ತಮಿ ಇದಕ್ಕೆ ದಾಯಾದಿ. ನಮ್ಮಲ್ಲೂ ‘ಸೂರ್ಯ ಉದಯಿಸಲು ತಾವರೆಗಳು ಅರಳಿದವು’ ಎಂದರೆ ಅದೇ ಕಟ್ಟಡ: ಕರ್ತೃ ಎರಡು, ಪೂರ್ಣಕ್ರಿಯೆ ಒಂದು. ಇಂಗ್ಲಿಷಿಗೆ ಇದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹಿಡಿದು ಮಾರ್ಗನ್ ಕ್ಯಾಲವೇ ಎಂಬ ಅಮೆರಿಕನ್ ತರುಣ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದ. ಅದು 1889ರಲ್ಲಿ ಬಾಲ್ಟಿಮೋರಿನಲ್ಲಿ ಅಚ್ಚಾಯಿತು. ಆಂಗ್ಲೊ-ಸ್ಯಾಕ್ಸನ್ ಬರಹಗಳನ್ನು ಜಾಲಾಡಿ ಅವನು ಕೊಟ್ಟ ತೀರ್ಪು: ಇದು ಇಂಗ್ಲಿಷಿನ ಮನೆಮಗುವಲ್ಲ, ಲ್ಯಾಟಿನ್ ಅನುವಾದಗಳ ಬೆನ್ನು ಹತ್ತಿ ಬಂದದ್ದು. ಮುಂದಿನ ಶತಮಾನಗಳ ಕಥೆಯನ್ನು ಚಾರ್ಲ್ಸ್ ಹಂಟರ್ ರಾಸ್ 1893ರಲ್ಲಿ ಹೇಳಿ ಮುಗಿಸಿದ. ಹೀಗೆ ಈ ರಚನೆಗೆ ಆಮದು ಮಾಲು ಎಂಬ ಹಣೆಪಟ್ಟಿ ಅಂಟಿತು. ವ್ಯಾಕರಣದ ಕೈಪಿಡಿಗಳು ಅದನ್ನು ಬಿಗುಮಾನದ್ದು, ಅಪರೂಪದ್ದು ಎಂದು ಒಂದೆರಡು ಸಾಲಿನಲ್ಲಿ ಮುಗಿಸತೊಡಗಿದವು.

ಫೌಲರ್ ತನ್ನ 1926ರ ಬಳಕೆಯ ನಿಘಂಟಿನಲ್ಲಿ ಇದರ ಬಗ್ಗೆ ಮುಖ್ಯವಾಗಿ ಎಚ್ಚರಿಸಿದ್ದು ಒಂದು ಅಲ್ಪವಿರಾಮದ ವಿಷಯವನ್ನು. ‘ದಿ ಬೆಲ್’ ಆದ ಮೇಲೆ ಅಲ್ಪವಿರಾಮ ಹಾಕಿದಿರೋ, ಗಂಟೆ ಇಡೀ ವಾಕ್ಯದ ಕರ್ತೃವಿನ ಹಾಗೆ ಕಂಡು ಓದುಗ ದಾರಿ ತಪ್ಪುತ್ತಾನೆ. ಚಿಹ್ನೆ ಬರಬೇಕಾದದ್ದು ‘ರಂಗ್’ ಆದ ಮೇಲೆ, ಒಂದೇ ಕಡೆ. ಒಳ್ಳೆಯ ಎಚ್ಚರಿಕೆಯೇ. ಆದರೆ ಇಂಥ ಎಚ್ಚರಿಕೆಗಳನ್ನೇ ಕೇಳಿ ಕಲಿತ ಮಗು ಆ ರಚನೆಯ ತಂಟೆಗೆ ಹೋದೀತೆ?

ನಮಗೆ ಇದನ್ನು ತಂದವರು ಬ್ರಿಟಿಷ್ ವಿದ್ಯಾ ಇಲಾಖೆಯವರು. ಮೊದಲು ನೆಸ್ಫೀಲ್ಡ್ ಬರೆದ ವ್ಯಾಕರಣ, ಆಮೇಲೆ ರೆನ್ ಬರೆದದ್ದು. ಪಿ.ಸಿ. ರೆನ್ ಮುಂಬೈ ಪ್ರಾಂತ್ಯದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವನು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಅಂದು ಅದೇ ಪ್ರಾಂತ್ಯದ ಜಿಲ್ಲೆಗಳು. ಇಂಗ್ಲೆಂಡಿನಲ್ಲಿ ಅವನು ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಹೆಸರಾದವನು. ನಮ್ಮಲ್ಲಿ ಆ ಕಾದಂಬರಿಯನ್ನು ಓದಿದವರು ವಿರಳ, ವ್ಯಾಕರಣವನ್ನು ಓದದವರು ವಿರಳ. 1930ರ ದಶಕದಲ್ಲಿ ಮಾರ್ಟಿನ್ ಜೊತೆ ಸೇರಿ ತಂದ ಆ ಪುಸ್ತಕ, ಎನ್.ಡಿ.ವಿ. ಪ್ರಸಾದ ರಾವ್ ಅವರ ಪರಿಷ್ಕರಣೆಯೊಂದಿಗೆ, ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಕೂಡಿಸುವ ಅಭ್ಯಾಸವನ್ನು ತಲೆಮಾರುಗಳ ಕೈಯಲ್ಲಿ ಮಾಡಿಸಿದ ಪುಣ್ಯ ಅದರದು. ಅಷ್ಟರಮಟ್ಟಿಗೆ ನಾನು ಋಣಿ. ಆದರೆ ಅಬ್ಸೊಲ್ಯೂಟ್ ಎಂದೊಡನೆ ನಮ್ಮ ತಲೆಯಲ್ಲಿ ಉಳಿದದ್ದು ವಾಕ್ಯದ ತಲೆಬಾಗಿಲಲ್ಲಿ ನಿಂತ ಆ ‘ಹ್ಯಾವಿಂಗ್’ ಒಂದೇ.

ಈಗ ಆ ಅಮೆರಿಕದ ಮೇಷ್ಟರ ಕಡೆಗೆ ಬರೋಣ. ಫ್ರಾನ್ಸಿಸ್ ಕ್ರಿಸ್ಟೆನ್ಸೆನ್, ಲಾಸ್ ಏಂಜಲಿಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಪಠ್ಯಪುಸ್ತಕಗಳು ಹೇಳುವ ಬರವಣಿಗೆಗೂ ಒಳ್ಳೆಯ ಲೇಖಕರು ನಿಜವಾಗಿ ಬರೆಯುವುದಕ್ಕೂ ತಾಳೆಯಾಗುತ್ತಿಲ್ಲ ಎಂಬ ಅನುಮಾನ ಅವರನ್ನು ಹಿಡಿಯಿತು. ಅನುಮಾನವನ್ನು ಅನುಮಾನವಾಗಿಯೇ ಬಿಡುವ ಜಾಯಮಾನ ಅವರದಲ್ಲ. ಕಾದಂಬರಿಕಾರರು, ಪ್ರಬಂಧಕಾರರು ಸೇರಿ ಇಪ್ಪತ್ತು ಲೇಖಕರನ್ನು ಆರಿಸಿಕೊಂಡು, ಒಬ್ಬೊಬ್ಬರದು ಇನ್ನೂರು ವಾಕ್ಯದಂತೆ ಕೂತು ಎಣಿಸಿದರು. ಕರ್ತೃಪದಕ್ಕೆ ಮುಂಚೆ ಏನನ್ನಾದರೂ ಇಟ್ಟು ಶುರುಮಾಡಿದ ವಾಕ್ಯಗಳು ಸುಮಾರು ಕಾಲು ಭಾಗ ಮಾತ್ರ. ಅವುಗಳಲ್ಲೂ ಬಹುಪಾಲು ‘ಮರುದಿನ’, ‘ಆ ಊರಿನಲ್ಲಿ’ ಎಂಬಂಥ ಸರಳ ಆರಂಭಗಳು. ಪಾರ್ಟಿಸಿಪಲ್‌ನಿಂದ, ಅಂದರೆ ‘ಹ್ಯಾವಿಂಗ್’ನಂಥ ಕ್ರಿಯಾರೂಪದಿಂದ, ವಾಕ್ಯ ಶುರುಮಾಡಿ, ಆಗ ಬರಹಕ್ಕೆ ವೈವಿಧ್ಯ ಬರುತ್ತದೆ ಎಂದು ಮೇಷ್ಟರುಗಳು ಹೇಳಿಕೊಡುತ್ತಿದ್ದರಲ್ಲ, ಹಾಗೆ ತೆರೆದುಕೊಂಡ ವಾಕ್ಯಗಳು ನೂರಕ್ಕೆ ಒಂದೆರಡೂ ಸರಿಯಾಗಿ ಸಿಗಲಿಲ್ಲ.

ಹಾಗಾದರೆ ಲೇಖಕರು ತಮ್ಮ ಸಂಪತ್ತನ್ನೆಲ್ಲ ಇಟ್ಟದ್ದೆಲ್ಲಿ? ಮುಖ್ಯ ವಾಕ್ಯದ ಬೆನ್ನಿಗೆ. ಕೈಪಿಡಿಗಳು ಅಪರೂಪ ಎಂದು ತಳ್ಳಿಹಾಕಿದ ಅಬ್ಸೊಲ್ಯೂಟ್ ಅಲ್ಲಿ ಸಾಲುಸಾಲಾಗಿ ಕೂತಿತ್ತು. ಹೆಮಿಂಗ್ವೇ, ಫಾಕ್ನರ್, ಸ್ಟೈನ್‌ಬೆಕ್ ಎಲ್ಲರಲ್ಲೂ ಅದು ಸರಾಗ. ಬರೆಯುವುದೆಂದರೆ ಸೇರಿಸುತ್ತಾ ಹೋಗುವುದು ಎಂದು ಕಾದಂಬರಿಕಾರ ಜಾನ್ ಅರ್ಸ್ಕಿನ್ 1946ರ ಪ್ರಬಂಧವೊಂದರಲ್ಲಿ ವಾದಿಸಿದ್ದ. ಕ್ರಿಸ್ಟೆನ್ಸೆನ್ ಆ ಎಳೆಯನ್ನು ಹಿಡಿದು ವಾಕ್ಯದ ಒಂದು ಪಾಠಕ್ರಮವನ್ನೇ ಕಟ್ಟಿದರು. ಅದು 1963ರಲ್ಲಿ ಲೇಖನವಾಗಿ ಬಂತು, 1967ರಲ್ಲಿ ಪುಸ್ತಕವಾಯಿತು.

ಅವರ ಕ್ರಮವನ್ನು ಒಂದು ಉದಾಹರಣೆ ಕಟ್ಟಿ ನೋಡಬಹುದು. ಮುದುಕ ಗೇಟಿನ ಬಳಿ ನಿಂತಿದ್ದ. ಅವನ ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಕಣ್ಣು ರಸ್ತೆಯ ಮೇಲಿತ್ತು. ಇಂಗ್ಲಿಷಿನಲ್ಲಿ ಈ ಮೂರೂ ಪುಟ್ಟ ವಾಕ್ಯಗಳಾಗುತ್ತವೆ, ಕೊನೆಯ ಎರಡರಲ್ಲಿ ‘ವಾಸ್’, ‘ವರ್’ ಇರುತ್ತವೆ. ಮೊದಲನೆಯದನ್ನು ಮುಟ್ಟಬೇಡಿ. ಉಳಿದೆರಡರಿಂದ ‘ವಾಸ್’, ‘ವರ್’ ಕಿತ್ತುಹಾಕಿ ಬೆನ್ನಿಗೆ ಅಂಟಿಸಿ: ‘ದಿ ಓಲ್ಡ್ ಮ್ಯಾನ್ ಸ್ಟುಡ್ ಅಟ್ ದಿ ಗೇಟ್, ಹಿಸ್ ಅಂಬ್ರೆಲಾ ಡ್ರಿಪ್ಪಿಂಗ್, ಹಿಸ್ ಐಸ್ ಆನ್ ದಿ ರೋಡ್’. ಕಿತ್ತ ‘ವಾಸ್’ ಮತ್ತೆ ಹಾಕಿದರೆ ಆ ತುಂಡು ಪೂರ್ತಿ ವಾಕ್ಯವಾಗಿ ನಿಲ್ಲಬೇಕು. ಅಬ್ಸೊಲ್ಯೂಟನ್ನು ಗುರುತಿಸುವ ಪರೀಕ್ಷೆ ಇದೇ. ‘ಹ್ಯಾವಿಂಗ್’ ಎಲ್ಲೂ ಬೇಕಾಗಲಿಲ್ಲ ನೋಡಿ. ಎರಡನೆಯ ತುಂಡಿನಲ್ಲಿ ಪಾರ್ಟಿಸಿಪಲ್ ಕೂಡ ಇಲ್ಲ.

ಕ್ರಿಸ್ಟೆನ್ಸೆನ್ ಇದನ್ನು ಕಾಗದದ ಮೇಲೆ ಮೆಟ್ಟಿಲಾಗಿ ಬರೆಯುತ್ತಿದ್ದರು. ಮುಖ್ಯ ವಾಕ್ಯ ಒಂದನೆಯ ಮೆಟ್ಟಿಲು. ಕೊಡೆ, ಕಣ್ಣು ಎರಡೂ ಮುದುಕನಿಗೆ ಸೇರಿದವು, ಆದ್ದರಿಂದ ಒಂದಿಷ್ಟು ಒಳಕ್ಕೆ ಸರಿಸಿ ಎರಡನೆಯ ಮೆಟ್ಟಿಲು. ಕೊಡೆಯ ಕಡ್ಡಿಯೊಂದು ಬಟ್ಟೆ ತೂರಿ ಹೊರಗೆ ಬಂದಿತ್ತು ಎಂದು ಸೇರಿಸುವುದಾದರೆ ಅದು ಕೊಡೆಗೆ ಸೇರಿದ್ದು, ಇನ್ನೂ ಒಳಕ್ಕೆ, ಮೂರನೆಯ ಮೆಟ್ಟಿಲು. ಒಂದೊಂದು ಮೆಟ್ಟಿಲು ಇಳಿದಂತೆ ನೋಟ ಹತ್ತಿರವಾಗುತ್ತದೆ. ಹುಡುಗ ಇನ್ನೊಂದು ತುಂಡು ಸೇರಿಸಬೇಕಾದರೆ ಅವನು ಮತ್ತೆ ಆ ಮುದುಕನನ್ನು ನೋಡಬೇಕು. ವ್ಯಾಕರಣದ ಅಭ್ಯಾಸ ಕಣ್ಣಿನ ಅಭ್ಯಾಸವೂ ಆಗುವುದು ಅಲ್ಲಿ. ಈ ಮೇಷ್ಟರು ನನಗೆ ಪ್ರಿಯರಾದದ್ದು ಇದಕ್ಕೇ.

ಕನ್ನಡದ ಮಕ್ಕಳಿಗೆ ಇದನ್ನು ಬೇರೆಯಾಗಿಯೇ ಹೇಳಿಕೊಡಬೇಕಾದ ಕಾರಣವೂ ಇದೆ. ನಮ್ಮ ವಾಕ್ಯ ಕ್ರಿಯಾಪದಕ್ಕೆ ಬಂದು ನಿಂತುಬಿಡುತ್ತದೆ. ಹೇಳಬೇಕಾದ್ದೆಲ್ಲ ಅದಕ್ಕೆ ಮುಂಚೆ ಆಗಿಹೋಗಬೇಕು: ಮಳೆ ನಿಂತು, ಬಿಸಿಲು ಬಿದ್ದು, ನೆಲ ಒಣಗಿತು. ಹೀಗಾಗಿ ತುಂಡನ್ನು ಮುಂದಿಟ್ಟು ವಾಕ್ಯವನ್ನು ಹಿಂದಿಡುವ ರೆನ್ ಮಾದರಿ ನಮಗೆ ಕೂಡಲೇ ಒಗ್ಗಿತು. ಪೂರ್ಣಕ್ರಿಯೆ ಮುಗಿದ ಮೇಲೂ ವಾಕ್ಯವನ್ನು ಬೆಳೆಸಬಹುದು ಎಂಬುದು ಯಾರಾದರೂ ತೋರಿಸಿಕೊಡದೆ ನಮಗೆ ಹೊಳೆಯುವಂಥದಲ್ಲ. ಯಾರೂ ತೋರಿಸಲಿಲ್ಲ.

ಕ್ರಿಸ್ಟೆನ್ಸೆನ್ 1970ರಲ್ಲಿ ತೀರಿಕೊಂಡರು. ಆ ದಶಕ ಅಮೆರಿಕದಲ್ಲಿ ವಾಕ್ಯದ ಪಾಠಕ್ಕೆ ಸುಗ್ಗಿಯ ಕಾಲ. ಕೆಲಾಗ್ ಹಂಟ್ 1965ರಲ್ಲೇ ನಾಲ್ಕು, ಎಂಟು, ಹನ್ನೆರಡನೆಯ ತರಗತಿಯ ಮಕ್ಕಳ ಬರಹ ಅಳೆದು, ವಯಸ್ಸು ಏರಿದಂತೆ ವಾಕ್ಯದ ಘಟಕ ಉದ್ದವಾಗುತ್ತಾ ಹೋಗುವುದನ್ನು ತೋರಿಸಿದ್ದರು. ಆ ಬೆಳವಣಿಗೆಯನ್ನು ಅಭ್ಯಾಸದಿಂದ ಬೇಗ ತರಬಹುದೇ ಎಂದು ಜಾನ್ ಮೆಲನ್ 1969ರಲ್ಲಿ ಪರೀಕ್ಷಿಸಿದರು. 1973ರಲ್ಲಿ ಫ್ರಾಂಕ್ ಒಹೇರ್ ವ್ಯಾಕರಣದ ಪರಿಭಾಷೆಯನ್ನೆಲ್ಲ ಬದಿಗಿಟ್ಟು ಏಳನೆಯ ತರಗತಿಯವರಿಗೆ ಬರೀ ಕೂಡಿಸುವುದನ್ನು ಮಾಡಿಸಿದರು. ವಾಕ್ಯರಚನೆಯ ಹಲವು ಅಳತೆಗಳಲ್ಲಿ ಆ ಮಕ್ಕಳು ಹನ್ನೆರಡನೆಯ ತರಗತಿಯವರ ಮಟ್ಟ ಮುಟ್ಟಿದರು. ಆಮೇಲೆ ಒಹಾಯೊದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಡೈಕರ್, ಕೆರೆಕ್, ಮೋರೆನ್‌ಬರ್ಗ್ ಎಂಬ ಮೂವರು ಕಾಲೇಜಿನ ಮೊದಲ ವರ್ಷದವರ ಮೇಲೆ ದೊಡ್ಡ ಪ್ರಯೋಗ ನಡೆಸಿದರು. ಕೂಡಿಸಿ ಬರೆದು ಕಲಿತವರ ಪ್ರಬಂಧಗಳೇ ಮೇಲು ಎಂದು ಫಲಿತಾಂಶ ಬಂತು. 1979ರಲ್ಲಿ ಈ ಮೂವರು ತಂದ ಪಠ್ಯಪುಸ್ತಕದಲ್ಲಿ ಅಬ್ಸೊಲ್ಯೂಟ್‌ಗೆಂದೇ ಒಂದು ಅಧ್ಯಾಯವಿದೆ. ಎರಡು ವರ್ಷಕ್ಕೂ ಮಿಕ್ಕಿದ ಕಾಲದ ನಂತರ ಅದೇ ವಿದ್ಯಾರ್ಥಿಗಳನ್ನು ಮತ್ತೆ ಬರೆಸಿದಾಗ ಉಳಿದವರೂ ಅವರ ಸಮಕ್ಕೆ ಬಂದಿದ್ದರು. ಅದನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು.

ತಕರಾರು ಮೊದಲಿನಿಂದಲೂ ಇತ್ತು. ಕ್ರಿಸ್ಟೆನ್ಸೆನ್ ಕ್ರಮ ಕಥೆಗೆ, ವರ್ಣನೆಗೆ ಸರಿ, ವಾದ ಮಂಡಿಸುವ ಬರಹಕ್ಕೆ ಏನು ಪ್ರಯೋಜನ ಎಂದು ಸಬೀನಾ ಥಾರ್ನ್ ಜಾನ್ಸನ್ 1969ರಲ್ಲಿ ಎತ್ತಿದ ಆಕ್ಷೇಪದಲ್ಲಿ ಹುರುಳಿದೆ. ಮುದುಕನ ಕೊಡೆಯನ್ನು ತೋರಿಸಿದ ಹಾಗೆ ತೆರಿಗೆ ನೀತಿಯನ್ನು ತೋರಿಸಲು ಬರುವುದಿಲ್ಲ. ಜೇಮ್ಸ್ ಮಾಫೆಟ್ ಅವರ ಆಕ್ಷೇಪ ಇನ್ನೂ ಬುಡಕ್ಕೆ ಹೋಗುತ್ತದೆ: ಬೇರೆ ಯಾರೋ ಬರೆದ ವಾಕ್ಯಗಳನ್ನು ಮಗು ಯಾಕೆ ಕೂಡಿಸಬೇಕು? ತನಗೆ ಹೇಳಬೇಕಾದ್ದು ಇದ್ದಾಗ ತಾನಾಗಿ ಕೂಡಿಸುತ್ತದೆ. ಇವಕ್ಕೆ ಉತ್ತರ ಕೊಡುತ್ತಾ ಪಾಠಕ್ರಮವನ್ನು ತಿದ್ದಿಕೊಳ್ಳಬಹುದಿತ್ತು. ಆದದ್ದು ಬೇರೆ. 80ರ ದಶಕ ಕಳೆಯುತ್ತಿದ್ದಂತೆ ವಾಕ್ಯ ಎನ್ನುವ ವಿಷಯವೇ ಅಲ್ಲಿಯ ಬರವಣಿಗೆಯ ಮೇಷ್ಟರುಗಳ ಪತ್ರಿಕೆಗಳಿಂದ ಸದ್ದಿಲ್ಲದೆ ಮಾಯವಾಯಿತು.

ಹೀಗೆ ಮಾಯವಾದದ್ದನ್ನು ಹೆಸರಿಟ್ಟು ಹೇಳಿದವರು ರಾಬರ್ಟ್ ಕಾನರ್ಸ್, ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದವರು, ಬರವಣಿಗೆ ಬೋಧನೆಯ ಇತಿಹಾಸಕಾರ. ಮೂವತ್ತು ವರ್ಷಗಳ ಕಾಗದಪತ್ರ ತಿರುವಿ ಅವರು ಹೇಳಿದ್ದು ಇಷ್ಟು: ವಾಕ್ಯದ ಅಭ್ಯಾಸದಿಂದ ಉಪಯೋಗವಿಲ್ಲ ಎಂದು ಯಾರೂ ಸಾಧಿಸಿ ತೋರಿಸಲಿಲ್ಲ, ಪ್ರಯೋಗಗಳು ಹೇಳಿದ್ದು ಉಪಯೋಗವಿದೆ ಎಂದೇ. ಕೆಟ್ಟದ್ದು ಗಾಳಿ. ರೂಪವನ್ನು ಕಲಿಸುವುದೆಂದರೆ, ಡ್ರಿಲ್ ಎಂದರೆ, ಎಣಿಸಿ ಅಳೆಯುವುದೆಂದರೆ ಆ ವೃತ್ತಿಯವರಿಗೇ ಅಸಮಾಧಾನ ಹುಟ್ಟಿತ್ತು. ಆ ಅಸಮಾಧಾನದಲ್ಲಿ ವಾಕ್ಯವೂ ಕೊಚ್ಚಿಹೋಯಿತು. ಇದನ್ನು ಹೇಳಿದ ಅವರ ಲೇಖನ 2000ದ ಸೆಪ್ಟೆಂಬರಿನಲ್ಲಿ, ಕ್ರಿಸ್ಟೆನ್ಸೆನ್ ತಮ್ಮ 1963ರ ಲೇಖನ ಕೊಟ್ಟಿದ್ದ ಅದೇ ಪತ್ರಿಕೆಯಲ್ಲಿ ಬಂತು. ಅಚ್ಚಿನಲ್ಲಿ ನೋಡಲು ಕಾನರ್ಸ್ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು.

2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ವರದಿ ಕೊಟ್ಟರು. ನಾಲ್ಕರಿಂದ ಹನ್ನೆರಡನೆಯ ತರಗತಿಯವರ ಬರವಣಿಗೆಯನ್ನು ಉತ್ತಮಪಡಿಸುವ ಹನ್ನೊಂದು ಕ್ರಮಗಳ ಪಟ್ಟಿಯಲ್ಲಿ ವಾಕ್ಯ ಕೂಡಿಸುವುದೂ ಒಂದು. ಅದರ ಪರಿಣಾಮದ ಅಳತೆ 0.50. ಬರೀ ವ್ಯಾಕರಣದ ನಿಯಮ ಕಲಿಸಿದ್ದರ ಅಳತೆ ಸೊನ್ನೆಗಿಂತ ಕೆಳಗೆ, ಮೈನಸ್ 0.32.

ನಮ್ಮ ಇಂಗ್ಲಿಷ್ ಮೇಷ್ಟರು, ಮೇಡಂಗಳು ಇದಕ್ಕಾಗಿ ಹೊಸ ಪುಸ್ತಕ ಕಾಯಬೇಕಿಲ್ಲ. ‘ಹ್ಯಾವಿಂಗ್’ ಬದಿಗಿಡಲಿ. ಬಸ್ ಸ್ಟಾಂಡಿನಲ್ಲಿ ಕಂಡ ಒಬ್ಬರ ಬಗ್ಗೆ ನಾಲ್ಕು ಪುಟ್ಟ ವಾಕ್ಯಗಳನ್ನು ಮಕ್ಕಳೇ ಬರೆಯಲಿ. ಮಾಫೆಟ್ ಕೇಳಿದ್ದೂ ಅದೇ, ಮಗುವಿನ ಸ್ವಂತ ಮಾತು. ಹೂ ಮಾರುವವಳು ಬೆಂಚಿನ ಮೇಲೆ ಕೂತಿದ್ದಳು, ಅವಳ ಬುಟ್ಟಿ ಅರ್ಧ ಖಾಲಿಯಾಗಿತ್ತು, ಅವಳ ಬೆರಳು ಮಾಲೆ ಕಟ್ಟುತ್ತಿದ್ದವು, ಅವಳ ಕಣ್ಣು ಧಾರವಾಡದ ಬಸ್ಸಿನ ಮೇಲಿತ್ತು. ಮೊದಲನೆಯದನ್ನು ಹಾಗೇ ಬಿಟ್ಟು, ಉಳಿದ ಮೂರರಿಂದ ‘ವಾಸ್’, ‘ವರ್’ ತೆಗೆದು ಅದರ ಬೆನ್ನಿಗೆ ಸೇರಿಸಲು ಹೇಳಲಿ. ಒಂದು ಪೀರಿಯಡ್ಡಿನಲ್ಲಿ ಆಗುವ ಕೆಲಸ.