ಕಥೆಗೆ ಮುಂಚಿನ ಆತಂಕ

ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ಇದೆ. 1980ರ ದಶಕದಲ್ಲಿ ಶಂಕರ್‌ನಾಗ್ ಆ ಊರನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮಾಲ್ಗುಡಿ ಮಾಡಿದರು. ಹೊಸನಗರ ತಾಲ್ಲೂಕಿನ ಅರಸಾಳು ಅದರ ರೈಲು ನಿಲ್ದಾಣವಾಯಿತು. ಜಡಿಮಳೆ, ಮಂಜು, ಹಗಲಲ್ಲೇ ಕತ್ತಲು ಕವಿಯುವ ಕಾಡು: ಭಯದ ಕಥೆಗೆ ಬೇಕಾದದ್ದೆಲ್ಲ ಆಗುಂಬೆಯಲ್ಲಿತ್ತು. ಆದರೂ ನೋಡುಗರಿಗೆ ಅದು ಅಜ್ಜನ ಮನೆಯಂತೆ ಕಂಡಿತು. ಇದರಲ್ಲಿ ಕಂತಿನ ಶುರುವಿನಲ್ಲಿ ಹೆಸರುಗಳೊಂದಿಗೆ ಬರುವ ಟೈಟಲ್‌ನ ಪಾಲು ದೊಡ್ಡದು. ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು, ಎಲ್. ವೈದ್ಯನಾಥನ್ ಅವರ ಗುನುಗುವ ದಾಟಿ ಸೇರಿ ‘ಇಲ್ಲಿ ಹೆದರುವಂಥದ್ದೇನಿಲ್ಲ’ ಎಂದು ಕಥೆಗೆ ಮುಂಚೆಯೇ ಮಾತು ಕೊಟ್ಟುಬಿಡುತ್ತಿದ್ದವು. ಥ್ರಿಲ್ಲರ್‌ನ ಟೈಟಲ್ ಇದೇ ವಿದ್ಯೆಯನ್ನು ತಿರುವುಮುರುವಾಗಿ ಬಳಸುತ್ತದೆ. ಹೆದರಿಸುವುದಲ್ಲ, ವಿವರಣೆಯನ್ನು ತಡೆಹಿಡಿಯುವುದೇ ಅದರ ಕೆಲಸ ಎಂಬುದು ನನ್ನ ವಾದ.

ಕೈಲ್ ಕೂಪರ್ ರೂಪಿಸಿದ ‘ಸೆವೆನ್’ (1995) ಚಿತ್ರದ ಟೈಟಲ್ ನೋಡಿ. ಯಾರದೋ ಬೆರಳುಗಳು ಬ್ಲೇಡು ಹಿಡಿಯುತ್ತವೆ, ನೋಟ್‌ಬುಕ್ಕಿನ ಹಾಳೆ ಹೊಲಿಯುತ್ತವೆ, ಅಚ್ಚಾದ ಸಾಲುಗಳ ಮೇಲೆ ಮಸಿ ಬಳಿಯುತ್ತವೆ. ಮುಖವಿಲ್ಲ, ರಕ್ತಪಾತವಿಲ್ಲ; ಇರುವುದು ಅತಿಯಾದ ಶ್ರದ್ಧೆ. ಆ ಶ್ರದ್ಧೆ ಯಾತಕ್ಕೆಂದು ತಿಳಿಯದಿರುವುದೇ ನಮ್ಮನ್ನು ಕಾಡುತ್ತದೆ. ಕೊಲೆಗಾರನ ಪಾತ್ರ ಮಾಡಿದ ಕೆವಿನ್ ಸ್ಪೇಸಿಯ ಹೆಸರನ್ನೂ ಆರಂಭದಲ್ಲಿ ತೋರಿಸಲಿಲ್ಲ. ಹೆಸರು ಹೇಳಲೆಂದೇ ಇರುವ ಜಾಗದಲ್ಲಿ ಹೆಸರನ್ನೇ ಬಚ್ಚಿಟ್ಟ ಜಾಣತನವಿದು! ಇದೆಲ್ಲ ಸಂಗೀತದ ಮಹಿಮೆ, ಚಿತ್ರ ನೆಪಮಾತ್ರ ಎನ್ನುವವರಿದ್ದಾರೆ. ‘ಸೈಕೋ’ (1960) ಅವರ ಬಲವಾದ ಸಾಕ್ಷಿ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲೇ ಎದೆ ನಡುಗಿಸುತ್ತಾರೆ. ಆದರೆ ಸಾಲ್ ಬಾಸ್ ಎಳೆದ ಪಟ್ಟಿಗಳು ಅಲ್ಲಿ ಅಕ್ಷರಗಳನ್ನು ಸೀಳಿ ಮತ್ತೆ ಕೂಡಿಸುತ್ತವೆ. ಕಥೆಯ ತಿರುಳಾದ ಒಡೆದ ಮನಸ್ಸನ್ನು ಕಣ್ಣಿಗೆ ತಲುಪಿಸುವುದು ಆ ಪಟ್ಟಿಗಳೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಧಾರಾವಾಹಿಯಲ್ಲಿ ಅದೇ ಟೈಟಲ್ ಮತ್ತೆ ಮತ್ತೆ ಬಂದರೆ ಕುತೂಹಲ ಸಾಯುವುದಿಲ್ಲವೇ? ಒಟಿಟಿಯಲ್ಲಿ ಅದನ್ನು ದಾಟಿಸುವ ಗುಂಡಿಯೂ ಇದೆಯಲ್ಲ. ದೂರದರ್ಶನಕ್ಕಾಗಿ ಸದಾನಂದ ಸುವರ್ಣರು ಮಾಡಿದ ‘ಗುಡ್ಡದ ಭೂತ’ ಧಾರಾವಾಹಿಯಲ್ಲಿ ಇದಕ್ಕೆ ಉತ್ತರವಿದೆ. ತುಳುನಾಡಿನ ಜಾನಪದ ದಾಟಿಯ ‘ಡೆನ್ನಾನ ಡೆನ್ನಾನ’ ಅದರ ಶೀರ್ಷಿಕೆ ಗೀತೆ. ಕೇಳುಗರಿಗೆ ಹಾಡು ಹಳತಾದಷ್ಟೂ ಅದರ ಹಿಂದೆ ಕತ್ತಲು ಕೂಡಿಕೊಳ್ಳುತ್ತ ಹೋಯಿತು. 2015ರಲ್ಲಿ ‘ರಂಗಿತರಂಗ’ ಚಿತ್ರ ಆ ಹಾಡನ್ನೇ ಮತ್ತೆ ಎತ್ತಿಕೊಂಡದ್ದು ಅದರ ಆಯುಸ್ಸಿಗೆ ಪುರಾವೆ. ಅಮೆರಿಕದ ‘ಟ್ವಿನ್ ಪೀಕ್ಸ್’ (1990) ಟೈಟಲ್‌ನಲ್ಲಿ ಇರುವುದು ಹಕ್ಕಿ, ಮರ ಕೊಯ್ಯುವ ಮಿಲ್ಲು, ಜಲಪಾತದಂಥ ದೃಶ್ಯಗಳಷ್ಟೇ. ಆ ಕಥೆಯ ಹುಡುಗಿ ಲಾರಾ ಪಾಮರ್‌ಳ ಕೊಲೆಯ ಸುದ್ದಿ ತಿಳಿದ ಮೇಲೆ ಆ ದೃಶ್ಯಗಳೇ ಬೇರೆಯಾಗಿ ಕಾಣುತ್ತವೆ. ಬದಲಾಗುವುದು ಚಿತ್ರವಲ್ಲ, ನಮ್ಮ ತಿಳಿವಳಿಕೆ. ಎರಡನೇ ಕಂತಿನಲ್ಲೇ ಬೇಸರ ತರಿಸುವ ಟೈಟಲ್‌ಗಳು ಮೊದಲ ಸಲವೇ ಎಲ್ಲವನ್ನೂ ಹೇಳಿ ಮುಗಿಸಿದವು. ನಮ್ಮ ಹಲವು ಥ್ರಿಲ್ಲರ್‌ಗಳು ಮಾಡುವುದೂ ಅದನ್ನೇ: ತಲೆಬುರುಡೆ, ಚಿಮ್ಮುವ ಕೆಂಪು, ಒಂದು ಕಿರುಚಾಟ.

ಮಲೆನಾಡಿಗೆ ತನ್ನದೇ ಥ್ರಿಲ್ಲರ್ ಕೊಟ್ಟವರು ಆಗುಂಬೆ ಇರುವ ತಾಲ್ಲೂಕಿನದೇ ಆದ ಕುಪ್ಪಳ್ಳಿಯ ಮಗ ಪೂರ್ಣಚಂದ್ರ ತೇಜಸ್ವಿ. ಅವರ ‘ಜುಗಾರಿ ಕ್ರಾಸ್’ ಕಾದಂಬರಿಯಲ್ಲಿ ಅಪಾಯ ಬರುವುದು ಏಲಕ್ಕಿ ವ್ಯಾಪಾರ, ರೈಲು, ಕಾಡುದಾರಿಯಂಥ ದಿನನಿತ್ಯದ ಸಂಗತಿಗಳ ಮರೆಯಿಂದ. ಅದನ್ನು ತೆರೆಗೆ ತರುವವರು ಟೈಟಲ್‌ನಲ್ಲಿ ಬಂದೂಕು ತೋರಿಸಿದರೆ ಅರ್ಧ ಸೋತಂತೆ. ಏಲಕ್ಕಿ ಮೂಟೆಯ ಬಾಯಿ ಹೊಲಿಯುವ ಕೈಗಳನ್ನಷ್ಟೇ ತೋರಿಸಲಿ, ಹೊಲಿಯುವವನ ಮುಖ ಬೇಡ.