ಬಿಸಿನೀರಿನ ಮೂರ್ಛೆ

ಮಾಗಿಯ ಚಳಿ ಬೀದರ ಜಿಲ್ಲೆಯವರಿಗೆ ಹೊಸದಲ್ಲ. ಔರಾದ ತಾಲ್ಲೂಕಿನ ಸಂತಪುರದಲ್ಲಾಗಲಿ, ಭಾಲ್ಕಿಯ ಕಡೆಯ ಹಳ್ಳಿಗಳಲ್ಲಾಗಲಿ, ಆ ದಿನಗಳ ಮುಂಜಾನೆ ನೀರು ಕಾಯಿಸದೆ ಜಳಕಕ್ಕೆ ಕೂರುವ ಧೈರ್ಯ ಬಹುಮಂದಿಗೆ ಇರುವುದಿಲ್ಲ. ಹಬೆಯಾಡುವ ನೀರನ್ನು ತಂಬಿಗೆಯಿಂದ ಮೊಗೆಮೊಗೆದು ತಲೆಯ ಮೇಲೆ ಎರೆದುಕೊಳ್ಳುವ ಸುಖವನ್ನು ಬಲ್ಲವರೇ ಬಲ್ಲರು. ದೀಪಾವಳಿಯ ಅಭ್ಯಂಜನವಂತೂ ಇಂಥ ನೀರಿಲ್ಲದೆ ಪೂರ್ತಿಯಾಗುವುದೇ ಇಲ್ಲ.

ಇಷ್ಟು ನಿರಪಾಯವಾಗಿ ತೋರುವ ಸುಖವೂ ಕೆಲವರ ಪಾಲಿಗೆ ಆಪತ್ತಾಗುವುದುಂಟು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆರೋಗ್ಯವಂತ, ಆಟಪಾಠಗಳಲ್ಲಿ ಚುರುಕು. ತಲೆಗೆ ನೀರೆರೆಯುವ ದಿನ ತಾಯಿ ಅವನನ್ನು ಬಚ್ಚಲಲ್ಲಿ ಕುಳ್ಳಿರಿಸಿ ಒಂದರ ಹಿಂದೊಂದು ತಂಬಿಗೆ ಬಿಸಿನೀರು ಸುರಿಯುತ್ತಿದ್ದಾಳೆ. ಹಲವು ತಂಬಿಗೆ ಆಗುವಷ್ಟರಲ್ಲಿ ಹುಡುಗನ ದೃಷ್ಟಿ ಒಂದೇ ಕಡೆ ನೆಟ್ಟುಬಿಡುತ್ತದೆ. ಕರೆದರೆ ಉತ್ತರವಿಲ್ಲ. ಅರ್ಥವಿಲ್ಲದ ಮಾತುಗಳನ್ನು ತೊದಲುತ್ತಾನೆ. ಕೆಲವೊಮ್ಮೆ ಕೈಕಾಲು ಸೆಟೆದು, ಅದುರಿ, ಎಚ್ಚರ ತಪ್ಪಿ ಉರುಳುತ್ತಾನೆ. ಒಂದೆರಡು ನಿಮಿಷಗಳಲ್ಲಿ ಎಲ್ಲವೂ ಶಾಂತವಾಗುತ್ತದೆ. ಮರುದಿನ ಎಂದಿನಂತೆ ಶಾಲೆಗೆ ಹೋಗುತ್ತಾನೆ. ಮುಂದಿನ ಸಲ ತಲೆಗೆ ನೀರೆರೆದಾಗ ಮತ್ತೆ ಅದೇ ಗತಿ!

ಮನೆಯವರು ಏನೆಂದು ತಿಳಿಯಬೇಕು? ಗಾಳಿ ಸೋಕಿತೆನ್ನುವವರುಂಟು, ಬಚ್ಚಲಲ್ಲಿ ಏನನ್ನೋ ಕಂಡು ಹೆದರಿದನೆನ್ನುವವರುಂಟು. ಹೆಣ್ಣುಮಗುವಾದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂದು ಸಂಗತಿಯನ್ನೇ ಮುಚ್ಚಿಡುವುದುಂಟು. ಆದರೆ ಇದು ಗಾಳಿಯೂ ಅಲ್ಲ, ಗ್ರಹಚಾರವೂ ಅಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಬಿಸಿನೀರಿನ ಮೂರ್ಛೆ’ ಎಂದೇ ಹೆಸರು. ಜಗತ್ತಿನ ಇತರೆಡೆಗಳಲ್ಲಿ ವಿರಳವಾದ ಈ ಬೇನೆ ಹೆಚ್ಚಾಗಿ ಕಂಡುಬಂದಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ. ಇದರ ಸ್ವರೂಪವನ್ನು ಬಿಡಿಸಿ ತೋರಿಸಿದ ಸಂಶೋಧನೆಯೂ ಬಹುಮಟ್ಟಿಗೆ ನಮ್ಮ ಬೆಂಗಳೂರಿನದೇ. ಆದುದರಿಂದ ಈ ಕಥೆಯನ್ನು ನಾವು ತಿಳಿದಿರುವುದು ಉಚಿತ.

ಮೂರ್ಛೆ ಎಂದರೇನು?

ನಮ್ಮ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಅವು ಅತಿಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕವೂ ರಾಸಾಯನಿಕ ವಸ್ತುಗಳ ಮೂಲಕವೂ ಒಂದರೊಡನೊಂದು ವ್ಯವಹರಿಸುತ್ತವೆ. ಸಂತೆಯ ದಿನವನ್ನು ನೆನೆಯಿರಿ. ಅಲ್ಲಿ ಸಾವಿರಾರು ಜನ ಮಾತನಾಡುತ್ತಿದ್ದರೂ ಒಬ್ಬೊಬ್ಬರ ಮಾತು ಒಂದೊಂದು ಬಗೆ. ಆದುದರಿಂದಲೇ ಕೊಳುಕೊಡುಗೆ ಸಾಗುತ್ತದೆ. ಅಷ್ಟೂ ಜನ ಒಮ್ಮೆಲೇ ಒಂದೇ ಕೂಗನ್ನು ಕೂಗತೊಡಗಿದರೆ ವ್ಯಾಪಾರ ನಿಂತುಹೋಗುತ್ತದೆ. ಮಿದುಳಿನ ಒಂದು ಭಾಗದ ನರಕೋಶಗಳು ಹೀಗೆ ಅಂಕೆಮೀರಿ ಏಕಕಾಲದಲ್ಲಿ ಕೆರಳಿದಾಗ ಆಗುವುದೇ ಮೂರ್ಛೆಯ ಸೆಳೆತ. ಕೆರಳಿಕೆ ಒಂದೆಡೆಯಲ್ಲಿಯೇ ನಿಂತರೆ ನೋಟ ನೆಡುವುದು, ಮಾತು ತಪ್ಪುವುದು ಮೊದಲಾದ ಲಕ್ಷಣಗಳು ತೋರುತ್ತವೆ. ಮಿದುಳಿನ ತುಂಬ ಹರಡಿದರೆ ಮೈಯೆಲ್ಲ ಸೆಟೆದು ಅದುರುತ್ತದೆ.

ಸಾಮಾನ್ಯವಾಗಿ ಇಂಥ ಸೆಳೆತ ಯಾವಾಗ ಬಂದೀತೆಂದು ಹೇಳಲಾಗುವುದಿಲ್ಲ. ಆದರೆ ಕೆಲವರಲ್ಲಿ ಮಾತ್ರ ಅದು ಒಂದು ನಿಶ್ಚಿತ ಪ್ರಚೋದನೆಯಿಂದಲೇ ಬರುತ್ತದೆ. ಮಿನುಗುವ ಬೆಳಕು ಕೆಲವರಿಗೆ ಆಗದು. ಪುಸ್ತಕ ಓದುವುದು ಕೆಲವರಿಗೆ ಆಗದು. ೧೯೯೭ರಲ್ಲಿ ಜಪಾನಿನ ದೂರದರ್ಶನದಲ್ಲಿ ವ್ಯಂಗ್ಯಚಿತ್ರವೊಂದರ ಕೆಂಪು-ನೀಲಿ ಬೆಳಕು ವೇಗವಾಗಿ ಮಿನುಗಿದುದನ್ನು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಅವರಲ್ಲಿ ಹಲವರಿಗೆ ಸೆಳೆತವೇ ಬಂದಿತ್ತು. ಈ ಬಗೆಯದನ್ನು ‘ಪ್ರತಿವರ್ತನ ಮೂರ್ಛೆ’ ಎನ್ನುತ್ತಾರೆ. ಬಿಸಿನೀರಿನ ಮೂರ್ಛೆಯೂ ಈ ಗುಂಪಿಗೆ ಸೇರಿದ್ದು.

ಒಂದು ಪ್ರಶ್ನೆಯ ಬೆಲೆ

ಈ ಬೇನೆಯ ಮೊದಲ ವರದಿ ಬಂದುದು ೧೯೪೫ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಅಲೆನ್ ಎಂಬ ವೈದ್ಯರು ಹತ್ತು ವರ್ಷದ ಹುಡುಗನೊಬ್ಬನ ಸಂಗತಿಯನ್ನು ದಾಖಲಿಸಿದರು. ಅಲ್ಲಿ ಅದೊಂದು ಕುತೂಹಲದ ಬಿಡಿ ಸಂಗತಿಯಷ್ಟೆ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರು ಮತ್ತು ಅವರ ಸಹೋದ್ಯೋಗಿಗಳು ೧೯೬೮ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ತಮ್ಮ ಮೊದಲ ವರದಿಯನ್ನು ಪ್ರಕಟಿಸಿದಾಗ ಚಿತ್ರ ಬದಲಾಯಿತು. ಕೆಲವೇ ವರ್ಷಗಳಲ್ಲಿ ಅವರು ೧೦೮ ರೋಗಿಗಳ ವಿವರಗಳನ್ನು ಮುಂದಿಟ್ಟರು. ೧೯೮೮ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಎಂದರೆ ನಿಮ್ಹಾನ್ಸ್‌ನ, ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ೨೭೯ ಮಂದಿಯ ಅಧ್ಯಯನವನ್ನು ಪ್ರಕಟಿಸಿದರು. ನ್ಯೂಜಿಲೆಂಡಿನಲ್ಲಿ ಒಬ್ಬ ಹುಡುಗ. ಇಲ್ಲಿ ನೂರಾರು ಜನ!

ಇಷ್ಟು ಜನರನ್ನು ಕಂಡುಹಿಡಿದ ಉಪಕರಣ ಯಾವುದು? ಮಿದುಳಿನ ವಿದ್ಯುತ್ತನ್ನು ಗುರುತಿಸುವ ಇ.ಇ.ಜಿ. ಯಂತ್ರವೆಂದು ತಾವು ಊಹಿಸಬಹುದು. ಆದರೆ ಸೆಳೆತವಿಲ್ಲದ ವೇಳೆಯಲ್ಲಿ ಈ ರೋಗಿಗಳ ಇ.ಇ.ಜಿ. ಬಹುಪಾಲು ಸಹಜವಾಗಿಯೇ ಇರುತ್ತದೆ. ಮಿದುಳಿನ ಚಿತ್ರ ತೆಗೆದರೂ ಸಾಮಾನ್ಯವಾಗಿ ದೋಷ ಕಾಣದು. ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದನ್ನು ಚಿತ್ರವೇ ತೋರಿಸುತ್ತದೆ. ಇಲ್ಲಿ ಅಂಥ ಸಾಕ್ಷಿಯಿಲ್ಲ. ಉಳಿದುದು ಒಂದೇ ಉಪಾಯ: ಕೇಳುವುದು.

“ಎಲ್ಲಿದ್ದಾಗ ಬಂತು?” ಎಂದು ವೈದ್ಯರು ಕೇಳುತ್ತಾರೆ.

“ಬಚ್ಚಲದಾಗ ರೀ.”

“ಏನು ಮಾಡುತ್ತಿದ್ದ?”

“ಜಳಕ ಮಾಡ್ಲಾಕತ್ತಿದ್ದ ರೀ. ನಾನೇ ತಲಿಮ್ಯಾಲ ಬಿಸಿನೀರ ಹಾಕ್ಲಾಕತ್ತಿದ್ದೆ.”

ರೋಗನಿರ್ಣಯದ ಅರ್ಧ ಭಾಗ ಇಷ್ಟರಲ್ಲಿಯೇ ಮುಗಿಯಿತು. ಈ ಪ್ರಶ್ನೆಗಳನ್ನು ಕೇಳದಿದ್ದರೆ ಆ ಮಗುವಿಗೆ ಬೇರೆ ಯಾವುದೋ ಮೂರ್ಛೆಯ ಹೆಸರು ಅಂಟಿಕೊಂಡು, ವರ್ಷಗಟ್ಟಲೆ ದಿನವೂ ಗುಳಿಗೆ ನುಂಗುವ ಪ್ರಸಂಗ ಬರಬಹುದು. ಇಲ್ಲವೆ ಚಿಕಿತ್ಸೆಯೇ ಸಿಗದೆ ಹೋಗಬಹುದು.

ಹೀಗೆ ಕೇಳಿ ಕೂಡಿಸಿದ ವಿವರಗಳಿಂದ ಬೇನೆಯ ರೂಪರೇಷೆ ಮೂಡಿತು. ಇದು ಹೆಚ್ಚಾಗಿ ತೋರುವುದು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದರ ಪ್ರಮಾಣ ಇಮ್ಮಡಿಗಿಂತಲೂ ಹೆಚ್ಚು. ನೀರಿನ ಉಷ್ಣತೆ ಸಾಮಾನ್ಯವಾಗಿ ೪೦ರಿಂದ ೫೦ ಡಿಗ್ರಿ ಸೆಂಟಿಗ್ರೇಡ್. ಅದನ್ನು ತಲೆಯ ಮೇಲೆ ಬೇಗಬೇಗನೆ ಸುರಿದಾಗ ಸೆಳೆತ ಬರುತ್ತದೆ. ಮೈಗೆ ಮಾತ್ರ ನೀರು ಹಾಕಿಕೊಂಡರೆ ಬಹುಮಂದಿಗೆ ಏನೂ ಆಗದು. ಮತ್ತೊಂದು ವಿಚಿತ್ರವನ್ನೂ ಸಂಶೋಧಕರು ಗುರುತಿಸಿದ್ದಾರೆ. ಕೆಲವರಿಗೆ ಸೆಳೆತದ ಆರಂಭದಲ್ಲಿ ಒಂದು ಬಗೆಯ ಹಿತವೆನಿಸಿ, ನಿಲ್ಲಿಸಲಾರದೆ ಇನ್ನೂ ಇನ್ನೂ ನೀರು ಸುರಿದುಕೊಳ್ಳುತ್ತಾರೆ. ನೋಡುವವರು ಇದನ್ನು ಹಟವೆಂದು ತಿಳಿದು ಗದರಿಸುತ್ತಾರೆ. ಅದು ಹಟವಲ್ಲ, ಬೇನೆಯದೇ ಒಂದು ಲಕ್ಷಣ.

ಯಳಂದೂರಿನ ಮನೆಮನೆಗೆ

ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಊರಿನ ಲೆಕ್ಕ ಸಿಕ್ಕೀತೆ? ಬಾರದೆ ಉಳಿದವರ ಗತಿಯೇನು? ಡಾ. ಮಣಿಯವರ ತಂಡ ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರು ತಾಲ್ಲೂಕನ್ನು ಆರಿಸಿಕೊಂಡು ಮನೆಮನೆಯನ್ನೂ ಹೊಕ್ಕು ವಿಚಾರಿಸಿತು. ಅಲ್ಲಿನ ಸುಮಾರು ೬೫,೦೦೦ ಜನರಲ್ಲಿ ಸಾವಿರಕ್ಕೆ ನಾಲ್ಕೈದು ಮಂದಿಗೆ ಯಾವುದಾದರೊಂದು ಬಗೆಯ ಮೂರ್ಛೆರೋಗವಿತ್ತು. ಬಿಸಿನೀರಿನ ಮೂರ್ಛೆಯೊಂದೇ ಲಕ್ಷಕ್ಕೆ ಸುಮಾರು ೬೦ರ ಪ್ರಮಾಣದಲ್ಲಿ ಕಂಡುಬಂದಿತು. ಆ ರೋಗಿಗಳಿಗೆ ಅಗ್ಗದ ಹಳೆಯ ಔಷಧಗಳಾದ ಫಿನೋಬಾರ್ಬಿಟೋನ್ ಅಥವಾ ಫೆನಿಟೊಯಿನ್ ಗುಳಿಗೆಗಳನ್ನು ಕೊಟ್ಟು ಹಲವು ವರ್ಷ ಗಮನಿಸಲಾಯಿತು. ಹಳ್ಳಿಯಲ್ಲಿಯೇ ಇದ್ದುಕೊಂಡು ಬಹುಮಂದಿ ಸೆಳೆತವನ್ನು ಹತೋಟಿಗೆ ತಂದುಕೊಳ್ಳಬಹುದೆಂಬ ಈ ಫಲಿತಾಂಶ ೨೦೦೧ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮುಂದೆ ಡಾ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಣ ಗ್ರಾಮಗಳ ೧,೦೨,೫೫೭ ಜನರನ್ನು ಕುರಿತು ನಡೆಸಿದ ಸಮೀಕ್ಷೆ ೨೦೦೪ರಲ್ಲಿ ಪ್ರಕಟವಾಯಿತು. ತಲೆನೋವು, ಮೂರ್ಛೆ, ಪಾರ್ಶ್ವವಾಯು ಮೊದಲಾದ ನರಸಂಬಂಧವಾದ ರೋಗಗಳನ್ನೆಲ್ಲ ಅದರಲ್ಲಿ ಎಣಿಸಲಾಗಿತ್ತು. ಇವುಗಳ ಒಟ್ಟು ಪ್ರಮಾಣ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿ! ನರರೋಗತಜ್ಞರು ಇರುವುದು ಪಟ್ಟಣದಲ್ಲಿ, ರೋಗ ಹೆಚ್ಚಾಗಿರುವುದು ಹಳ್ಳಿಯಲ್ಲಿ ಎಂಬುದು ಅಂಕೆಗಳಿಂದಲೇ ಸ್ಪಷ್ಟವಾಯಿತು.

ಕಾರಣವೇನು?

ಬಿಸಿನೀರು ಎಲ್ಲರ ತಲೆಯ ಮೇಲೂ ಬೀಳುತ್ತದೆ. ಸೆಳೆತ ಕೆಲವರಿಗೆ ಮಾತ್ರ. ಹೀಗೇಕೆ? ಮಿದುಳಿನ ತಳಭಾಗದಲ್ಲಿರುವ ‘ಹೈಪೊಥಲಾಮಸ್’ ಎಂಬ ಪುಟ್ಟ ಭಾಗ ದೇಹದ ಉಷ್ಣತೆಯನ್ನು ಸಮತೋಲದಲ್ಲಿ ಇಡುತ್ತದೆ. ಬಿಸಿನೀರಿನ ಮೂರ್ಛೆಯುಳ್ಳವರಲ್ಲಿ ಈ ಏರ್ಪಾಡಿನಲ್ಲಿಯೇ ಕೊರತೆಯಿದ್ದು, ಸ್ನಾನದ ವೇಳೆ ಅವರ ಉಷ್ಣತೆ ಬೇಗನೆ ಏರಿ ನಿಧಾನವಾಗಿ ಇಳಿಯುವುದೆಂದು ನಿಮ್ಹಾನ್ಸ್ ಸಂಶೋಧಕರು ಸೂಚಿಸಿದ್ದಾರೆ. ಸೆಳೆತದ ಸಮಯದಲ್ಲಿ ಮಿದುಳಿನ ಕಪೋಲಭಾಗದ ಒಳಪಾರ್ಶ್ವದಲ್ಲಿಯೂ ಹೈಪೊಥಲಾಮಸ್‌ನಲ್ಲಿಯೂ ರಕ್ತಸಂಚಾರ ಹೆಚ್ಚಿದುದನ್ನು ಚಿತ್ರಗಳ ಮೂಲಕ ಕಂಡಿದ್ದಾರೆ.

ಇಲಿಗಳ ಮೇಲೆ ಬಿಸಿನೀರು ಹಾಯಿಸಿಯೂ ಪ್ರಯೋಗಗಳನ್ನು ನಡೆಸಲಾಯಿತು. ಸೆಳೆತಗಳು ಮರುಕಳಿಸಿದಂತೆಲ್ಲ ಮುಂದಿನ ಸೆಳೆತ ಇನ್ನೂ ಸುಲಭವಾಗಿ ಬರತೊಡಗಿತು. ಒಮ್ಮೆ ಸವೆದ ಕಾಲುದಾರಿಯಲ್ಲಿ ಮತ್ತೆ ಮತ್ತೆ ನಡೆದರೆ ದಾರಿ ಅಗಲವಾಗುವಂತೆ ಇದು. ಇಲಿಯಲ್ಲಿ ಕಂಡುದೆಲ್ಲ ಮನುಷ್ಯನಿಗೂ ಹಾಗೆಯೇ ಅನ್ವಯಿಸುವುದೆಂದು ಹೇಳಲಾಗದು. ಆದರೂ ಬಿಸಿನೀರಿನ ಮೂರ್ಛೆಯುಳ್ಳವರಲ್ಲಿ ಒಂದು ಪಾಲು ಜನಕ್ಕೆ ಕೆಲವು ವರ್ಷಗಳ ತರುವಾಯ ಸ್ನಾನವಿಲ್ಲದೆಯೂ ಸೆಳೆತ ಬರತೊಡಗುತ್ತದೆ ಎಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ಬೇಗನೆ ಎಚ್ಚರಗೊಳ್ಳುವುದು ಲೇಸೆಂದು ಯಾರಿಗಾದರೂ ತೋರೀತು.

ಕೆಲವು ಮನೆತನಗಳಲ್ಲಿ ಈ ಬೇನೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವುದು ಅನುವಂಶಿಕತೆಯ ಕಡೆಗೆ ಬೆರಳು ತೋರಿಸುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಅನುರಂಜನ್ ಆನಂದ್ ಮತ್ತು ನಿಮ್ಹಾನ್ಸ್‌ನ ವೈದ್ಯರು ಕೂಡಿ ಇಂಥ ಕುಟುಂಬಗಳ ವಂಶವಾಹಿಗಳನ್ನು ಪರಿಶೀಲಿಸಿದರು. ‘ಎಸ್‌ಎಲ್‌ಸಿ೧ಎ೧’ ಎಂಬ ವಂಶವಾಹಿಯಲ್ಲಿ ಕೆಲವರಿಗೆ ಅಪರೂಪದ ವ್ಯತ್ಯಾಸಗಳಿರುವುದನ್ನು ೨೦೧೭ರಲ್ಲಿ ವರದಿ ಮಾಡಿದರು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಳಗೆ ಸೆಳೆದುಕೊಳ್ಳುವ ಪ್ರೋಟೀನಿನ ರಚನೆಗೆ ಈ ವಂಶವಾಹಿಯೇ ಆಧಾರ. ಆದರೆ ಎಲ್ಲ ರೋಗಿಗಳ ಸ್ಥಿತಿಯನ್ನೂ ಇದೊಂದರಿಂದಲೇ ವಿವರಿಸಲಾಗದು. ಹುಟ್ಟಿನಿಂದ ಬಂದ ಒಲವು ಒಂದೆಡೆ, ತಂಬಿಗೆಯಿಂದ ತಲೆಗೆ ಸುರಿದುಕೊಳ್ಳುವ ರೂಢಿ ಇನ್ನೊಂದೆಡೆ, ಇವೆರಡೂ ಕೂಡಿದಾಗ ಬೇನೆ ತೋರುತ್ತದೆ. ತುರ್ಕಿ ದೇಶದಿಂದಲೂ ಇಂಥ ರೋಗಿಗಳ ವರದಿಗಳು ಬಂದಿವೆ.

ಪರಿಹಾರ

ಇಷ್ಟೆಲ್ಲ ಗಹನವಾದ ಬೇನೆಗೆ ಮೊದಲ ಚಿಕಿತ್ಸೆ ಕಾಸಿನ ಖರ್ಚಿಲ್ಲದ್ದು: ನೀರಿನ ಬಿಸಿಯನ್ನು ತಗ್ಗಿಸುವುದು. ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಬಳಸಿದರೆ ಅನೇಕರಿಗೆ ಸೆಳೆತ ಬರುವುದೇ ಇಲ್ಲ. ಅದರಿಂದಲೂ ನಿಲ್ಲದಿದ್ದರೆ, ತಲೆಗೆ ಎರೆದುಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಮ್ ಎಂಬ ಔಷಧವನ್ನು ವೈದ್ಯರು ಸೂಚಿಸುವುದುಂಟು. ಇತರ ವೇಳೆಯಲ್ಲಿಯೂ ಸೆಳೆತ ಬರುವವರಿಗೆ ಮಾತ್ರ ದಿನನಿತ್ಯದ ಔಷಧ ಬೇಕಾಗುತ್ತದೆ. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೆರೆಮನೆಯವರ ಗುಳಿಗೆಯನ್ನು ನುಂಗುವುದು ಅಪಾಯ.

ಇಂಥವರು ಬಚ್ಚಲಿನ ಅಗುಳಿ ಹಾಕಿಕೊಂಡು ಒಬ್ಬರೇ ಸ್ನಾನ ಮಾಡಬಾರದು. ಸೆಳೆತ ಬಂದರೆ ಒಲೆ, ಹಂಡೆಗಳಿಂದ ದೂರ ಸರಿಸಿ, ಸಾಧ್ಯವಾದೊಡನೆ ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಲ್ಲಿ ಚಮಚೆಯನ್ನಾಗಲಿ ನೀರನ್ನಾಗಲಿ ಇಡಬಾರದು. ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸುವುದರಿಂದಲೂ ಈರುಳ್ಳಿ ಮೂಸಿಸುವುದರಿಂದಲೂ ಪ್ರಯೋಜನವಿಲ್ಲ. ಸೆಳೆತ ತಾನಾಗಿ ನಿಂತುದರ ಕೀರ್ತಿ ಅವುಗಳಿಗೆ ಸಲ್ಲುತ್ತದೆ, ಅಷ್ಟೆ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಯಳಂದೂರು ರಾಜ್ಯದ ದಕ್ಷಿಣದ ತುದಿಯ ಕಡೆಗಿದೆ. ಔರಾದ ಉತ್ತರದ ತುದಿಯಲ್ಲಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು ೭೦೦ ಕಿಲೋಮೀಟರು. ಅಷ್ಟು ದೂರ ಮಗುವನ್ನು ಕರೆದೊಯ್ಯುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ಆದರೆ ಬೆಂಗಳೂರಿನಲ್ಲಿ ಬೆಲೆಬಾಳಿದ ಆ ಪ್ರಶ್ನೆ ಸಂತಪುರಕ್ಕೆ ಬರಲು ರೈಲಿನ ಚೀಟಿ ಬೇಡ. ನಿಮ್ಮ ಮನೆಯಲ್ಲಾಗಲಿ ತರಗತಿಯಲ್ಲಾಗಲಿ ಯಾರಿಗಾದರೂ ಬಚ್ಚಲಲ್ಲಿ ಎಚ್ಚರ ತಪ್ಪುವುದೆಂದು ಕೇಳಿದರೆ, “ತಲೆಗೆ ಬಿಸಿನೀರು ಹಾಕಿಕೊಂಡಾಗಲೇ ಬರುತ್ತದೆಯೆ?” ಎಂದು ವಿಚಾರಿಸಿ. ಹೌದೆಂದರೆ, ಅದೇ ಮಾತನ್ನು ವೈದ್ಯರಿಗೆ ಹೇಳುವಂತೆ ತಿಳಿಸಿ. ಒಂದು ಮಗುವಿಗೆ ಅಂಟಿಕೊಂಡ ಗಾಳಿಯ ಹೆಸರು ಕಳಚಿ ಬೀಳಲು ಅಷ್ಟು ಸಾಕಾಗಬಹುದು.